ಮಬ್ಬಿನಲ್ಲಿ ಹುಟ್ಟುವ ಬೆಳಕು: ಮುಗಿಯದ ಕೆಲಸದ ಮೇಲೆ ತೀರ್ಪು ಮಾಡಬಹುದೋ?



ಇನ್ನೂ ಮುಗಿಯದೆ ಇರುವ ಒಂದು ಕೆಲಸವನ್ನು ನೋಡಿ, ಇದು ಇಂಥಾದ್ದು, ಇದರಿಂದ ಇಷ್ಟೇ ಆಗುವದು, ಇದಕ್ಕಿಂತ ಹೆಚ್ಚೇನೂ ಆಗಲಾರದು ಎಂದು ಖಂಡಿತವಾಗಿ ಹೇಳಿಬಿಡುವ ಅಧಿಕಾರವು ಮನುಷ್ಯನಿಗೆ ಉಂಟೋ? ಗೋಡೆ ಅರ್ಧ ಎದ್ದಿರುವಾಗ ಮನೆಯ ಅಂದವನ್ನು ಹಳಿಯುವವನನ್ನು ಎಲ್ಲರೂ ನಗುವರು. ಆದರೆ ಹತ್ತು ವರುಷದ ಹುಡುಗನನ್ನು ನೋಡಿ ಅವನ ಆಯುಷ್ಯದ ಲೆಕ್ಕವನ್ನೆಲ್ಲಾ ಮುಗಿಸಿಬಿಡುವವನನ್ನು ಯಾರೂ ನಗುವದಿಲ್ಲ. ಅನೇಕ ವೇಳೆ ಅವನನ್ನು ಬುದ್ಧಿವಂತನೆಂದು ಹೊಗಳುವದೂ ಉಂಟು. ಈ ಪ್ರಶ್ನೆಯನ್ನು ನಾನು ಪುಸ್ತಕದೊಳಗಿಂದ ತೆಗೆದದ್ದಲ್ಲ. ಇದು ಒಂದು ರಾತ್ರಿ ಗದ್ದೆಯ ಬದುವಿನ ಮೇಲೆ ನನ್ನ ಮುಂದೆ ಬಂದು ನಿಂತಿತು. ಆದಕಾರಣ ಅಲ್ಲಿಂದಲೇ ಆರಂಭಿಸುವೆನು.

ಭದ್ರಾ ನಾಲೆಯ ನೀರು ಹರಿಯುವ ಹರಿಹರ ತಾಲ್ಲೂಕಿನಲ್ಲಿ ನಂದಿಗುಡಿ ಎಂಬ ಊರು ಉಂಟಷ್ಟೆ. ಜನವರಿ ತಿಂಗಳ ಕೊನೆಯ ವಾರದಲ್ಲಿ ನಾನು ಆ ಸೀಮೆಗೆ ಹೋಗಿದ್ದೆನು. ಬೇಸಿಗೆಯ ಭತ್ತಕ್ಕೆ ನಾಟಿಯ ಕಾಲ. ನೀರಿನ ಸರದಿಯು ರಾತ್ರಿಗೆ ಬಿದ್ದದ್ದರಿಂದ, ನನ್ನ ಕೈಕೆಳಗೆ ಒಮ್ಮೆ ಓದಿದ್ದ ಒಬ್ಬ ರೈತನು ಗುದ್ದಲಿಯನ್ನೂ ಬ್ಯಾಟರಿಯನ್ನೂ ಹಿಡಿದು ಗದ್ದೆಗೆ ಹೊರಟನು. ನಿದ್ರೆ ಬಾರದ ಮುದುಕನಾದ ನಾನೂ ಅವನ ಸಂಗಡ ನಡೆದೆನು. ಮಡೆಯನ್ನು ತಿರುಗಿಸಿ ನೀರು ಕಟ್ಟಿ, ಅದು ಗದ್ದೆಯ ಆಚೇ ಮೂಲೆಯನ್ನು ಮುಟ್ಟುವ ವರೆಗೆ ನಾವು ಬದುವಿನ ಮೇಲೆ ಕೂತೆವು. ಚಂದ್ರನಿರಲಿಲ್ಲ. ಆಕಾಶವು ತೊಳೆದಿಟ್ಟ ಹಾಗಿತ್ತು. ಆಗ ಅವನು ಬೆರಳೆತ್ತಿ ತೋರಿಸಿ ಕೇಳಿದನು: “ಮೇಷ್ಟ್ರೇ, ಆ ಮೂರು ಚುಕ್ಕಿಯ ಸಾಲಿನ ಕೆಳಗೆ ಇನ್ನೂ ಮೂರು ಸಣ್ಣ ಚುಕ್ಕಿ ಇಳಿಬಿದ್ದ ಹಾಗೆ ಇವೆಯಲ್ಲ, ಅದರಲ್ಲಿ ನಡುವಿನದು ಮಾತ್ರ ಯಾಕೆ ಮಬ್ಬಾಗಿ ಕಾಣುತ್ತದೆ? ಬಹಳ ವರುಷದಿಂದ ನೋಡುತ್ತಾ ಇದ್ದೇನೆ. ಅದು ಒಂದು ದಿನವೂ ಚುಕ್ಕಿಯ ಹಾಗೆ ಆಗಲಿಲ್ಲ.”

ಅವನು ಆ “ಮಬ್ಬು” ಎಂಬ ಮಾತನ್ನು ಯಾವ ಉದ್ದೇಶವೂ ಇಲ್ಲದೆ ಆಡಿದನು. ಆದರೆ ಅದು ನನ್ನ ಎದೆಗೆ ನಾಟಿತು. ಯಾಕಂದರೆ ಮೂವತ್ತು ವರುಷಗಳ ಹಿಂದೆ ಅವನು ನನ್ನ ಮುಂದೆ ಹಲಗೆ ಹಿಡಿದು ನಿಂತಿದ್ದಾಗ, ಮಗ್ಗಿಯನ್ನು ಒಪ್ಪಿಸಲಾರದೆ ಕಿಟಕಿಯ ಹೊರಗೆ ನೋಡುತ್ತಿದ್ದ ಆ ಹುಡುಗನನ್ನು ನಾನು ಎಲ್ಲರೆದುರಿಗೆ “ಮಬ್ಬ” ಎಂದು ಕರೆದಿದ್ದೆನು. ಒಂದೇ ಸಾರಿ ಕರೆದೆನೆಂದು ನನ್ನ ನೆನಪು. ಆದರೆ ಒಂದೇ ಸಾರಿ ಸಾಕಾಗಿತ್ತು. ಮಕ್ಕಳು ಆ ಹೆಸರನ್ನು ಬೀದಿಗೆ ಒಯ್ದರು, ಬೀದಿಯು ಊರಿಗೆ ಒಯ್ದಿತು. ಮುಂದಿನ ವರುಷ ಅವನು ಶಾಲೆಗೆ ಬರಲಿಲ್ಲ. ನಾನು ವಿಚಾರಿಸಲಿಲ್ಲ.

ಆ ರಾತ್ರಿ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ವಿಚಾರಿಸಿ ಹೇಳುತ್ತೇನೆ” ಎಂದು ಹೇಳಿ ಮನೆಗೆ ಬಂದೆನು. ಆಮೇಲೆ ನಾನು ಓದಿ ತಿಳುಕೊಂಡ ಸಂಗತಿಗಳನ್ನು ಮೊದಲು ನಿಮ್ಮ ಮುಂದೆ ಇಡುವೆನು. ಬಳಿಕ ನಾವು ನಮ್ಮ ಪ್ರಶ್ನೆಗೆ ಹಿಂತಿರುಗೋಣ.

ಆ ಮಬ್ಬನ್ನು ಕಾಣಬೇಕೆನ್ನುವವರು ಚಳಿಗಾಲದಲ್ಲಿ ಹೊರಗೆ ಬರಬೇಕು. ಜನವರಿ ತಿಂಗಳ ಕೊನೆಯಲ್ಲಿ ರಾತ್ರಿ ಒಂಭತ್ತು ಗಂಟೆಗೆ ದಕ್ಷಿಣಕ್ಕೆ ಮುಖಮಾಡಿ ನೆತ್ತಿಯ ಕಡೆಗೆ ತಲೆಯೆತ್ತಿದರೆ, ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಒಂದೇ ಅಳತೆಯ ಮೂರು ನಕ್ಷತ್ರಗಳು ಸಾಲಾಗಿ ನಿಂತಿರುವವು. ಅವುಗಳಿಗೆ ಉತ್ತರದಲ್ಲಿ ಕೆಂಪಾಗಿ ಹೊಳೆಯುವದು ಆರಿದ್ರೆ. ಆ ಸಾಲನ್ನು ಆಗ್ನೇಯಕ್ಕೆ ಎಳೆದರೆ ಎಲ್ಲಾ ನಕ್ಷತ್ರಗಳಿಗಿಂತ ಪ್ರಕಾಶವಾದ ಲುಬ್ಧಕವು ಸಿಕ್ಕುವದು. ವಾಯವ್ಯಕ್ಕೆ ಎಳೆದರೆ ರೋಹಿಣಿಯೂ ಅದರಾಚೆ ಕೃತ್ತಿಕೆಯೂ ಸಿಕ್ಕುವವು. ಗ್ರೀಕರು ಈ ಗುಂಪಿನಲ್ಲಿ ಒಬ್ಬ ಬೇಟೆಗಾರನನ್ನು ಕಂಡರು. ನಮ್ಮ ದೇಶದ ಪೂರ್ವಿಕರು ಬಾಣ ನಾಟಿದ ಜಿಂಕೆಯನ್ನು ಕಂಡರು, ಆ ಮೂರು ನಕ್ಷತ್ರಗಳೇ ಬಾಣವೆಂದು ಹೇಳಿದರು. ಯೋಬನ ಗ್ರಂಥದ 9ನೆಯ ಮತ್ತು 38ನೆಯ ಅಧ್ಯಾಯಗಳಲ್ಲಿಯೂ ಆಮೋಸನ ಗ್ರಂಥದ 5ನೆಯ ಅಧ್ಯಾಯದಲ್ಲಿಯೂ ಹೇಳಲ್ಪಟ್ಟ ನಕ್ಷತ್ರಗಳಲ್ಲಿ ಇದೂ ಒಂದು. ಅದೇ ನಕ್ಷತ್ರಗಳು ಒಂದು ಜನಕ್ಕೆ ಬೇಟೆಗಾರನಾಗಿಯೂ ಇನ್ನೊಂದು ಜನಕ್ಕೆ ಬೇಟೆಗೆ ಬಲಿಯಾದ ಪ್ರಾಣಿಯಾಗಿಯೂ ಕಂಡವೆಂಬದು ಎಂಥಾ ಸೋಜಿಗ! ಒಂದೇ ಸಂಗತಿಯನ್ನು ಬಾಣ ಬಿಟ್ಟವನು ಒಂದು ವಿಧವಾಗಿ ನೆನಸುವನು, ಬಾಣ ತಾಗಿದವನು ಮತ್ತೊಂದು ವಿಧವಾಗಿ ನೆನಸುವನು. ನಾನು ಆ ಶಾಲೆಯ ದಿನವನ್ನು ಮರೆತಿದ್ದೆನು. ಅವನು ಮರೆತಿರಲಿಲ್ಲ.

ಮೃಗಶಿರವೆಂದರೆ ನಮ್ಮ ರೈತರಿಗೆ ಮೊದಲು ನೆನಪಾಗುವದು ಮಳೆ. ಜೂನ್ ತಿಂಗಳ ಮೊದಲ ಪಕ್ಷ ಕಳೆಯುವದರೊಳಗೆ ಮೃಗಶಿರ ಮಳೆ ಹುಟ್ಟುವದು, ಅದರ ತರುವಾಯ ಆರಿದ್ರಾ ಮಳೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿವಸ. ಆದರೆ ಮೃಗಶಿರ ಮಳೆ ಸುರಿಯುವ ದಿವಸಗಳಲ್ಲಿ ಮೃಗಶಿರ ನಕ್ಷತ್ರವನ್ನು ಯಾರೂ ಕಾಣಲಾರರು. ಯಾಕಂದರೆ ಆಗ ಸೂರ್ಯನು ಆಕಾಶದ ಅದೇ ಭಾಗದಲ್ಲಿ ನಿಂತಿರುವದರಿಂದಲೇ ಮಳೆಗೆ ಆ ಹೆಸರು ಬಂತು. ನಕ್ಷತ್ರವು ಹಗಲಿನ ಬೆಳಕಿನೊಳಗೆ ಮುಳುಗಿರುವದು. ಹೀಗೆ ನಮ್ಮ ಹಿರಿಯರು ಕಣ್ಣಿಗೆ ಕಾಣದೆ ಇರುವದನ್ನೂ ಲೆಕ್ಕದಲ್ಲಿ ಇಟ್ಟುಕೊಂಡು ಬಿತ್ತನೆ ಮಾಡಿದರು. ಈಗ ಕಾಣದು ಎಂಬ ಕಾರಣದಿಂದ ಅದು ಇಲ್ಲವೆಂದು ಹೇಳಿದವರಲ್ಲ.

ಇನ್ನು ಆ ಮಬ್ಬಿನ ಚರಿತ್ರೆಯನ್ನು ಕೇಳಿರಿ. 1610ನೆಯ ಇಸವಿಯಲ್ಲಿ ಗೆಲಿಲಿಯೋ ಎಂಬ ಇಟಲಿ ದೇಶದ ಪಂಡಿತನು ತನ್ನ ದೂರದರ್ಶಕ ಯಂತ್ರದಿಂದ ಆಕಾಶದ ಇದೇ ಭಾಗವನ್ನು ನೋಡಿ, ಬರಿಗಣ್ಣಿಗೆ ಕಾಣದ ಎಷ್ಟೋ ಹೊಸ ನಕ್ಷತ್ರಗಳನ್ನು ಎಣಿಸಿ ಚಿತ್ರ ಬರೆದನು. ಆದರೆ ಅವುಗಳ ನಡುವೆ ಇದ್ದ ಮಬ್ಬಿನ ವಿಷಯವಾಗಿ ಆ ಪುಸ್ತಕದಲ್ಲಿ ಒಂದು ಮಾತನ್ನೂ ಬರೆಯಲಿಲ್ಲ. ಅದೇ ವರುಷ ಫ್ರಾನ್ಸ್ ದೇಶದ ಪೆಯ್‌ರೆಸ್ಕ್ ಎಂಬವನು ಅದನ್ನು ಕಂಡನು. 1656ರಲ್ಲಿ ಹಾಲೆಂಡಿನ ಹೈಗೆನ್ಸ್ ಎಂಬವನು ಅದನ್ನು ಚೆನ್ನಾಗಿ ನೋಡಿ ಚಿತ್ರ ಬರೆದನು. 1769ನೆಯ ಮಾರ್ಚ್ 4ನೆಯ ತಾರೀಖು ಫ್ರಾನ್ಸ್ ದೇಶದ ಮೆಸಿಯೇ ಎಂಬವನು ಅದನ್ನು ತನ್ನ ಪಟ್ಟಿಯಲ್ಲಿ 42ನೆಯದಾಗಿ ಸೇರಿಸಿದನು. ಈ ಪಟ್ಟಿ ಯಾತಕ್ಕೆ ಎಂದರೆ, ಅವನು ಧೂಮಕೇತುಗಳನ್ನು ಹುಡುಕುವವನಾಗಿದ್ದನು. ಮಬ್ಬಾಗಿ ಕಾಣುವ ಬೇರೆ ವಸ್ತುಗಳು ಧೂಮಕೇತುಗಳಂತೆ ತೋರಿ ಮೋಸಮಾಡುತ್ತಿದ್ದದರಿಂದ, ಮೋಸಹೋಗದಂತೆ ಅವುಗಳನ್ನೆಲ್ಲಾ ಗುರುತುಹಾಕಿ ಇಟ್ಟನು. ಅಂದರೆ ಅದು ತನ್ನ ಕೆಲಸಕ್ಕೆ ಬಾರದ ವಸ್ತುಗಳ ಪಟ್ಟಿ. ಈ ಹೊತ್ತು ಅವನು ಕಂಡುಹಿಡಿದ ಧೂಮಕೇತುಗಳನ್ನು ನೆನಸುವವರು ಕೊಂಚ ಜನ. ಕೆಲಸಕ್ಕೆ ಬಾರದವೆಂದು ಬರೆದಿಟ್ಟ ಪಟ್ಟಿಯಿಂದಲೇ ಅವನ ಹೆಸರು ಉಳಿದದೆ.

1845ರಲ್ಲಿ ಐರ್ಲೆಂಡಿನ ರಾಸ್ ಪ್ರಭುವು ಆರು ಅಡಿ ಅಗಲದ ಕನ್ನಡಿಯುಳ್ಳ ಮಹಾ ಯಂತ್ರವನ್ನು ಕಟ್ಟಿಸಿ, ಸ್ವಲ್ಪ ಕಾಲದ ಮೇಲೆ, ಈ ಮಬ್ಬು ನಿಜವಾಗಿ ಮಬ್ಬಲ್ಲ, ಇದು ಒತ್ತಾಗಿ ಕೂಡಿದ ನಕ್ಷತ್ರಗಳ ರಾಶಿ ಎಂದು ಹೇಳಿದನು. ಆ ಕಾಲದಲ್ಲಿ ಅವನ ಯಂತ್ರಕ್ಕಿಂತ ದೊಡ್ಡದು ಲೋಕದಲ್ಲಿ ಇರಲಿಲ್ಲವಾದ್ದರಿಂದ ಅನೇಕರು ನಂಬಿದರು. ಆದರೆ ಇಪ್ಪತ್ತು ವರುಷಗಳೊಳಗೆ ಇಂಗ್ಲೆಂಡಿನ ಹಗ್ಗಿನ್ಸ್ ಎಂಬವನು ಇಂಥಾ ಮಬ್ಬುಗಳ ಬೆಳಕನ್ನು ಪಟ್ಟಕದ ಮೂಲಕ ಬಣ್ಣಬಣ್ಣವಾಗಿ ಒಡೆದು ನೋಡಿ, ಇದು ಪ್ರಜ್ವಲಿಸುವ ಅನಿಲವೇ ಎಂದು ತೋರಿಸಿದನು. ಆ ಬೆಳಕಿನಲ್ಲಿ ಕಂಡ ಹಸುರು ಗೆರೆಗಳು ಭೂಮಿಯ ಮೇಲೆ ಇಲ್ಲದ ಒಂದು ಹೊಸ ಮೂಲವಸ್ತುವಿನದ್ದೆಂದು ಪಂಡಿತರು ಎಣಿಸಿ ಅದಕ್ಕೆ ಹೆಸರನ್ನೂ ಇಟ್ಟರು. 1927ರಲ್ಲಿ ಅಮೆರಿಕದ ಬೋವೆನ್ ಎಂಬವನು ಅದು ಯಾವ ಹೊಸ ವಸ್ತುವೂ ಅಲ್ಲ, ನಾವು ಉಸಿರಾಡುವ ಆಮ್ಲಜನಕವೇ ಬಹು ತೆಳುವಾದ ಸ್ಥಿತಿಯಲ್ಲಿ ಹಾಗೆ ಹೊಳೆಯುವದೆಂದು ವಿವರಿಸಿದನು. ನೋಡಿರಿ: ಒಬ್ಬನು ಕಂಡೂ ಬರೆಯಲಿಲ್ಲ, ಒಬ್ಬನು ಅಡ್ಡಿಯೆಂದು ಬರೆದನು, ಒಬ್ಬನು ದೊಡ್ಡ ಯಂತ್ರದ ಧೈರ್ಯದಿಂದ ತಪ್ಪು ಹೇಳಿದನು, ಅನೇಕರು ಇಲ್ಲದ ವಸ್ತುವಿಗೆ ಹೆಸರಿಟ್ಟರು. ಇವರು ಯಾರೂ ಮೂಢರಲ್ಲ. ತಮ್ಮ ಕಾಲದ ಮಹಾ ಜ್ಞಾನಿಗಳು. ಮಬ್ಬನ್ನು ಕುರಿತು ಬೇಗನೆ ತೀರ್ಪು ಹೇಳಿದವರ ಗತಿ ಹೀಗಾಯಿತು.

ಹಾಗಾದರೆ ಅದು ಏನು? ಖಗೋಲಶಾಸ್ತ್ರಜ್ಞರು ಅದನ್ನು ನೀಹಾರಿಕೆ ಎಂದು ಕರೆಯುವರು. ಅದು ಬಹುಮಟ್ಟಿಗೆ ಜಲಜನಕವೆಂಬ ಅನಿಲವೂ ಅದರೊಂದಿಗೆ ನುಣ್ಣನೆಯ ಧೂಳೂ ಕೂಡಿದ ಒಂದು ಮಹಾ ಮೋಡ. ಬೆಳಕು ಒಂದು ಕ್ಷಣಕ್ಕೆ 3 ಲಕ್ಷ ಕಿಲೋಮೀಟರು ಓಡುವದು. ಸೂರ್ಯನಿಂದ ನಮ್ಮ ಬಳಿಗೆ ಬರಲಿಕ್ಕೆ ಅದಕ್ಕೆ ಎಂಟು ನಿಮಿಷವೇ ಬೇಕು. ಅಂಥಾ ಬೆಳಕು ಈ ಮೋಡದ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹೋಗಬೇಕಾದರೆ ಇಪ್ಪತ್ತಕ್ಕಿಂತ ಹೆಚ್ಚು ವರುಷ ಹಿಡಿಯುವದು. ಅಲ್ಲಿಂದ ನಮ್ಮ ಕಣ್ಣಿಗೆ ಬರಲಿಕ್ಕೆ ಸುಮಾರು 1,350 ವರುಷ ಹಿಡಿಯುವದು. ಇಂಥಾ ಮೋಡಗಳಲ್ಲಿ ಅನಿಲವು ಅಲ್ಲಲ್ಲಿ ಗಟ್ಟಿಯಾಗಿ, ತನ್ನ ಭಾರದಿಂದಲೇ ಒಳಕ್ಕೆ ಕುಸಿದು, ಕುಸಿದಷ್ಟೂ ಬಿಸಿಯಾಗಿ, ಒಳಗಿನ ಉಷ್ಣವು ಸುಮಾರು ಒಂದು ಕೋಟಿ ಅಂಶಕ್ಕೆ ಏರಿದಾಗ ಜಲಜನಕವು ಬೇರೆ ವಸ್ತುವಾಗಿ ಮಾರ್ಪಡುತ್ತಾ ಬೆಳಗತೊಡಗುವದು. ಹೀಗೆ ನಕ್ಷತ್ರ ಹುಟ್ಟುವದು. ನಮ್ಮ ಸೂರ್ಯನೂ ಸುಮಾರು 460 ಕೋಟಿ ವರುಷಗಳ ಹಿಂದೆ ಇಂಥಾದ್ದೇ ಒಂದು ಮಬ್ಬಿನಲ್ಲಿ ಹುಟ್ಟಿದನು. ಮೃಗಶಿರದ ಮಬ್ಬಿನ ನಡುವೆ ಹುಟ್ಟಿದ ಎಳೆಯ ನಕ್ಷತ್ರಗಳು ಎರಡು ಸಾವಿರಕ್ಕೂ ಮೇಲ್ಪಟ್ಟು ಉಂಟು. ಅವುಗಳಲ್ಲಿ ಅನೇಕವು ಹುಟ್ಟಿ ಸುಮಾರು ಹತ್ತು ಲಕ್ಷ ವರುಷವಾಗಿರಬಹುದು. ಇದು ದೀರ್ಘಕಾಲವೆಂದು ತೋರೀತು. ಆದರೆ ನಮ್ಮ ಸೂರ್ಯನನ್ನು 46 ವರುಷದ ಮನುಷ್ಯನೆಂದು ಎಣಿಸಿದರೆ, ಆ ನಕ್ಷತ್ರಗಳು ಹುಟ್ಟಿ ಇನ್ನೂ ನಾಲ್ಕು ದಿವಸ ತುಂಬಲಿಲ್ಲ. ತೊಟ್ಟಿಲಲ್ಲಿ ಮಲಗಿದ ನಾಲ್ಕು ದಿವಸದ ಕೂಸನ್ನು ನೋಡಿ ಇದು ಮಬ್ಬು ಎನ್ನುವವರು ಉಂಟೋ?

ಈ ಸಂಗತಿಗಳನ್ನು ತಿಳುಕೊಳ್ಳಲಿಕ್ಕೆ ದೂರದೇಶಕ್ಕೆ ಹೋಗಬೇಕಾದದ್ದಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ಖಭೌತ ಸಂಸ್ಥೆಯುಂಟು. ಹಿಮಾಲಯದ ಹಾನ್ಲೆ ಎಂಬ ಎತ್ತರದ ಸ್ಥಳದಲ್ಲಿ ಅವರು ನಿಲ್ಲಿಸಿರುವ ಎರಡು ಮೀಟರು ಅಗಲದ ಕನ್ನಡಿಯ ಯಂತ್ರವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕೂತೇ ತಿರುಗಿಸಿ ನೋಡುತ್ತಾರೆ. ಕನ್ನಡದಲ್ಲಿ ಜಿ. ಟಿ. ನಾರಾಯಣರಾಯರು (1926–2008) ಸಾಮಾನ್ಯ ಜನರಿಗೂ ನಕ್ಷತ್ರಗಳನ್ನು ಗುರುತಿಸುವದನ್ನು ಕಲಿಸಿದರು. ಬೀದಿದೀಪಗಳ ಬೆಳಕಿನಲ್ಲಿ ನೀಹಾರಿಕೆಯನ್ನು ಕಾಣಲಾರದ ಪಟ್ಟಣದವರಿಗಿಂತ, ಕತ್ತಲೆ ಇನ್ನೂ ಉಳಿದಿರುವ ಹಳ್ಳಿಯವರು ಈ ವಿಷಯದಲ್ಲಿ ಭಾಗ್ಯವಂತರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ನೀಹಾರಿಕೆಯಿಂದ ಒಂದು ಸುಲಭವಾದ ಬುದ್ಧಿಮಾತನ್ನು ತೆಗೆಯಬಹುದು: ಮಬ್ಬಾಗಿರುವ ಪ್ರತಿಯೊಬ್ಬ ಹುಡುಗನೂ ಮುಂದೆ ನಕ್ಷತ್ರವಾಗುವನು, ಆದಕಾರಣ ಯಾರನ್ನೂ ಹಳಿಯಬೇಡಿರಿ ಎಂದು. ಕೇಳಲಿಕ್ಕೆ ಇದು ಇಂಪಾಗಿರುವದು, ಆದರೆ ಸತ್ಯವಲ್ಲ. ಯಾಕಂದರೆ ಆ ಮೋಡದ ಅನಿಲದಲ್ಲಿ ನಕ್ಷತ್ರವಾಗುವದು ಸ್ವಲ್ಪ ಭಾಗವೇ. ಹೆಚ್ಚಿನ ಭಾಗವು ಚದರಿ ಆಕಾಶದ ಬಯಲಿಗೆ ಹೋಗುವದು. ನನ್ನ ಶಿಷ್ಯನೂ ಪಂಡಿತನಾಗಲಿಲ್ಲ, ಅಧಿಕಾರಿಯಾಗಲಿಲ್ಲ. ಅವನು ಎರಡು ಎಕರೆ ಗದ್ದೆಯ ರೈತನು, ಸಾಲವೂ ಉಂಟು. ಅವನು ದೊಡ್ಡವನಾಗಿದ್ದರೆ ಮಾತ್ರ ನನ್ನ ಮಾತು ತಪ್ಪಾಗುತ್ತಿತ್ತು ಎಂದು ಹೇಳಿದರೆ, ದೊಡ್ಡವನಾಗದವರನ್ನು ಅವಮಾನಮಾಡುವದು ಸರಿ ಎಂದು ಒಪ್ಪಿಕೊಂಡ ಹಾಗಾಯಿತು. ನನ್ನ ತಪ್ಪು ಅದಲ್ಲ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವನಂತೆ ಹೇಳಿದ್ದೇ ನನ್ನ ತಪ್ಪು. ಆ ಹುಡುಗನು ಕಿಟಕಿಯ ಹೊರಗೆ ಏನನ್ನು ನೋಡುತ್ತಾನೆಂದು ನಾನು ಒಂದು ದಿನವಾದರೂ ಕೇಳಲಿಲ್ಲ. ದೂರದರ್ಶಕ ಯಂತ್ರ ಹಿಡಿದ ಪಂಡಿತನು ಬರೆಯದೆ ಬಿಟ್ಟದ್ದನ್ನು ಬರಿಗಣ್ಣಿನಿಂದ ಕಂಡು ಅದರ ಕಾರಣವೇನೆಂದು ವರುಷಗಟ್ಟಲೆ ಯೋಚಿಸಿದ ಒಂದು ಮನಸ್ಸು ನನ್ನ ಮುಂದೆ ಕೂತಿತ್ತು. ನಾನು ಮಗ್ಗಿಯನ್ನು ಮಾತ್ರ ಅಳೆದು ಮನಸ್ಸನ್ನೇ ಅಳೆದೆನೆಂದು ತಿಳುಕೊಂಡೆನು.

ಇಲ್ಲಿ ಒಬ್ಬ ವಾಚಕನು ಎದ್ದು ಹೀಗೆ ಕೇಳಬಹುದು: “ಅಯ್ಯಾ, ತೀರ್ಪು ಮಾಡದೆ ಲೋಕ ನಡೆಯುವದು ಹೇಗೆ? ಉಪಾಧ್ಯಾಯನು ಅಂಕ ಕೊಡಬೇಡವೇ? ಪಂಚಾಯಿತಿಯವರು ತಪ್ಪಿತಸ್ಥನನ್ನು ತಪ್ಪಿತಸ್ಥನೆಂದು ಹೇಳಬೇಡವೇ? ಸಾಲ ತೀರಿಸದವನಿಗೆ ಪುನಃ ಸಾಲ ಕೊಡಬೇಕೋ? ಕುಡಿದು ಹೆಂಡತಿಯನ್ನು ಹೊಡೆಯುವವನನ್ನು ನೋಡಿ, ಇವನು ಇನ್ನೂ ಮುಗಿಯದ ಕೆಲಸ ಎಂದು ಸುಮ್ಮನಿರಬೇಕೋ?” ಈ ಆಕ್ಷೇಪಣೆಯು ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಡಲಾರದ ಕನಿಕರವು ಕನಿಕರವಲ್ಲ, ಸೋಮಾರಿತನವು.

ಉತ್ತರವನ್ನು ಗದ್ದೆಯಲ್ಲಿಯೇ ಹುಡುಕೋಣ. ಸಸಿಮಡಿಯಲ್ಲಿ ಭತ್ತದ ಸಸಿಯನ್ನೇ ಹೋಲುವ ಒಂದು ಹುಲ್ಲು ಬೆಳೆಯುವದನ್ನು ನೀವೆಲ್ಲರೂ ಬಲ್ಲಿರಿ. ತಿಳುವಳಿಕೆಯುಳ್ಳ ರೈತನು ಅದನ್ನು ಹಾಗೇ ಬಿಡುವದಿಲ್ಲ. ಬಿಟ್ಟರೆ ಬೆಳೆ ಕೆಡುವದು. ಆದರೆ ಮೊಳಕೆಯ ದಿನವೇ ಕೈಹಾಕುವದೂ ಇಲ್ಲ. ಎಲೆಯ ಬುಡದಲ್ಲಿ ಗುರುತು ಸ್ಪಷ್ಟವಾಗಿ ಕಾಣುವ ವರೆಗೆ ತಾಳಿ, ಬಗ್ಗಿ, ಕಣ್ಣಿಟ್ಟು ನೋಡಿ ಕೀಳುವನು. ಬದುವಿನ ಮೇಲೆ ನಿಂತು, ಈ ಮಡಿಯೆಲ್ಲಾ ಹುಲ್ಲೇ ಎಂದು ಹೇಳಿಬಿಡುವವನು ಒಕ್ಕಲುತನ ಬಲ್ಲವನಲ್ಲ. ಹಾಗೆಯೇ ಕೆಲಸದ ಮೇಲೆ ಮಾಡುವ ತೀರ್ಪು ಬೇರೆ, ಮನುಷ್ಯನ ಮೇಲೆ ಮಾಡುವ ತೀರ್ಪು ಬೇರೆ. “ನೀನು ಈ ಲೆಕ್ಕವನ್ನು ತಪ್ಪು ಮಾಡಿದ್ದೀ” ಎಂಬದು ಕೆಲಸವನ್ನು ಕುರಿತದ್ದು. ಅದು ಸತ್ಯವಾಗಿರಬಹುದು, ತಿದ್ದಿದರೆ ತೀರುವದು. “ನೀನು ಮಬ್ಬ” ಎಂಬದು ಮನುಷ್ಯನನ್ನು ಕುರಿತದ್ದು. ಅದು ಇನ್ನೂ ಬಾರದ ದಿವಸಗಳ ಮೇಲೂ ಮುದ್ರೆ ಒತ್ತುವದು. ಹೊಡೆಯುವವನ ಕೈಯನ್ನು ಈ ಹೊತ್ತೇ ಹಿಡಿಯಬೇಕು, ಹೆಂಡತಿಯನ್ನೂ ಮಕ್ಕಳನ್ನೂ ಈ ಹೊತ್ತೇ ಕಾಪಾಡಬೇಕು; ಅದಕ್ಕೆ ಸ್ವಲ್ಪವೂ ತಡಮಾಡಬಾರದು. ಆದರೆ ಇವನು ಎಂದಿಗೂ ಹೀಗೆಯೇ ಎಂದು ಬರೆದಿಡುವದು ಅವರನ್ನು ಕಾಪಾಡಲಿಕ್ಕೆ ಬೇಕಾದದ್ದಲ್ಲ. ಕೆಲಸದ ಮೇಲೆ ತೀರ್ಪು ಇಲ್ಲದಿದ್ದರೆ ನ್ಯಾಯ ಇಲ್ಲ. ಮನುಷ್ಯನ ಮೇಲೆ ಕೊನೆಯ ತೀರ್ಪು ಹೇಳಿದರೆ ಅದೂ ನ್ಯಾಯವಲ್ಲ.

ಎರಡನೆಯದಾಗಿ, ಆ ನೀಹಾರಿಕೆಯಲ್ಲಿ ನಾನು ಕಂಡುಕೊಂಡ ಇನ್ನೊಂದು ಸಂಗತಿಯುಂಟು. ಇದು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಹಿರಿಯರಿಗೂ ಸೇರಿದ್ದು. ಆ ಮೋಡದ ನಡುವೆ ಒತ್ತಾಗಿ ನಿಂತ ನಾಲ್ಕು ದೊಡ್ಡ ನಕ್ಷತ್ರಗಳುಂಟು. ಅವುಗಳಲ್ಲಿ ಹಿರಿಯದರ ಮೇಲ್ಮೈ ಸುಮಾರು 40,000 ಅಂಶದ ಉಷ್ಣವುಳ್ಳದ್ದು. ನಮ್ಮ ಸೂರ್ಯನದು ಆರು ಸಾವಿರವೂ ಇಲ್ಲ. ಮುಖ್ಯವಾಗಿ ಅದರ ಕಿರಣಗಳಿಂದಲೇ ಮೋಡವೆಲ್ಲಾ ಹೊಳೆಯುವದು. ಅದು ಇಲ್ಲದಿದ್ದರೆ ನಾವು ಆ ಮಬ್ಬನ್ನು ಸಹ ಕಾಣುತ್ತಿರಲಿಲ್ಲ. ಆದರೆ 1990ರಲ್ಲಿ ಆಕಾಶಕ್ಕೆ ಏರಿಸಲ್ಪಟ್ಟ ಹಬಲ್ ದೂರದರ್ಶಕದಿಂದ ನೋಡಿದಾಗ, ಅಲ್ಲಿಯ ಸಣ್ಣ ಎಳೆಯ ನಕ್ಷತ್ರಗಳ ಸುತ್ತಲೂ ಧೂಳಿನ ಚಕ್ರಗಳು ಕಂಡವು. ಅಂಥವು ನೂರೈವತ್ತಕ್ಕೂ ಹೆಚ್ಚು ಎಣಿಸಲ್ಪಟ್ಟವೆ. ಇಂಥಾ ಚಕ್ರಗಳಲ್ಲಿ ಕಾಲಕ್ರಮೇಣ ಗ್ರಹಗಳು ಉಂಟಾಗುವವು; ನಮ್ಮ ಭೂಮಿಯೂ ಹಾಗೆಯೇ ಉಂಟಾಯಿತು. ಆ ದೊಡ್ಡ ನಕ್ಷತ್ರದ ಉಗ್ರವಾದ ಕಿರಣಗಳು ಸಮೀಪದಲ್ಲಿರುವ ಸಣ್ಣವುಗಳ ಚಕ್ರಗಳನ್ನು ಕರಗಿಸಿ ಆವಿಮಾಡಿ ಬಾಲದ ಹಾಗೆ ಹಿಂದಕ್ಕೆ ಊದಿಬಿಡುತ್ತಲಿವೆ. ಗ್ರಹಗಳು ಹುಟ್ಟುವದಕ್ಕೆ ಮುಂಚೆಯೇ ಕೆಲವುಗಳ ಮೂಲದ್ರವ್ಯವು ಹೀಗೆ ತೀರಿಹೋಗುವದು.

ಸುತ್ತಲೂ ಬೆಳಕು ಕೊಡುವ ಅದೇ ಶಾಖವು ಹತ್ತಿರದ ಎಳೆಯದನ್ನು ಸವೆಯಿಸುವದು! ಊರಲ್ಲಿ ಒಳ್ಳೇ ಉಪಾಧ್ಯಾಯನೆಂದು ನನಗೆ ಹೆಸರು ಇತ್ತು. ನನ್ನ ಶಾಲೆಯಿಂದ ಕೆಲವರು ಮುಂದೆ ಓದಿ ಕೆಲಸಕ್ಕೆ ಸೇರಿದರು. ಅವರು ನನ್ನನ್ನು ಕಂಡರೆ ಕೈಮುಗಿಯುವರು. ದೂರದಲ್ಲಿದ್ದವರಿಗೆ ನಾನು ಬೆಳಕಾಗಿದ್ದೆನು. ನನ್ನ ಮೇಜಿನ ಹತ್ತಿರ ನಡುಗುತ್ತಾ ನಿಂತಿದ್ದ ಒಬ್ಬ ಹುಡುಗನಿಗೆ ನಾನು ಏನಾಗಿದ್ದೆನು? ನಮ್ಮಲ್ಲಿ ಬಲವುಳ್ಳವರು ತಮ್ಮ ಪ್ರಕಾಶವನ್ನು ದೂರದವರ ಹೊಗಳಿಕೆಯಿಂದ ಅಳೆಯದೆ, ಹತ್ತಿರದಲ್ಲಿ ಬೆಳೆಯುತ್ತಿರುವ ಎಳೆಯದರ ಸ್ಥಿತಿಯಿಂದ ಅಳೆಯಬೇಕು. ಹಾಗಾದರೆ ಶಾಖವೇ ಬೇಡವೆಂದೂ ಅಲ್ಲ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿದವರು, ಇದೇ ನೀಹಾರಿಕೆಯಲ್ಲಿ ಇಂಥಾ ಒಂದು ಚಕ್ರದಲ್ಲಿ, ಇಂಗಾಲದ ಸಂಯುಕ್ತಗಳು ಕಟ್ಟಲ್ಪಡುವದಕ್ಕೆ ಸಹಾಯವಾಗುವ ಒಂದು ಕಣಸಮೂಹವನ್ನು ಕಂಡುಹಿಡಿದು, ಆ ಉಗ್ರ ಕಿರಣಗಳ ಶಕ್ತಿಯೇ ಅದು ಉಂಟಾಗಲಿಕ್ಕೆ ಕಾರಣವಾಗಿರಬಹುದೆಂದು ತಿಳಿಸಿದರು. ಶಿಸ್ತು ಮಕ್ಕಳನ್ನು ಕಟ್ಟುವದೂ ಉಂಟು, ಕರಗಿಸುವದೂ ಉಂಟು. ಎಷ್ಟು ಹತ್ತಿರ, ಎಷ್ಟು ಹೊತ್ತು, ಎಂಥಾ ಎಳೆಯದರ ಮೇಲೆ ಎಂಬದನ್ನು ನಕ್ಷತ್ರವು ಯೋಚಿಸಲಾರದು. ನಾವು ಯೋಚಿಸಬಲ್ಲೆವು, ಆದಕಾರಣ ಜವಾಬ್ದಾರಿಯು ನಮ್ಮದು.

ಮೂರನೆಯದು ನನಗೆ ಎಲ್ಲಕ್ಕಿಂತ ಭಾರವಾದದ್ದು. ನಾವು ಬದುವಿನ ಮೇಲೆ ಕೂತು ಕಂಡ ಆ ಬೆಳಕು ಆ ದಿವಸದ್ದಲ್ಲ. ಅದು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. ಹೊಯ್ಸಳರ ಮಂತ್ರಿಯಾದ ಪೋಲಾಳ್ವ ದಂಡನಾಥನು 1224ರ ಸುಮಾರಿನಲ್ಲಿ ಹರಿಹರದ ದೇವಾಲಯವನ್ನು ಕಟ್ಟಿಸಿದಾಗ, ಆ ಬೆಳಕು ಅರ್ಧ ದಾರಿಯನ್ನೂ ಮುಗಿಸಿರಲಿಲ್ಲ. ಈ ಕ್ಷಣದಲ್ಲಿ ಆ ಮಬ್ಬು ಹೇಗಿದೆಯೋ ಭೂಮಿಯ ಮೇಲೆ ಯಾರಿಗೂ ತಿಳಿಯದು. ನಾವು ಕಾಣುವದು ಅದರ ಹಳೇ ಮುಖವನ್ನೇ. ಆಕಾಶದ ವಿಷಯದಲ್ಲಿ ಇದಕ್ಕೆ ಉಪಾಯವಿಲ್ಲ. ಆದರೆ ಪಕ್ಕದ ಮನೆಯವನ ವಿಷಯದಲ್ಲಿ? ಇಪ್ಪತ್ತು ವರುಷದ ಹಿಂದೆ ಕದ್ದವನನ್ನು ಈ ಹೊತ್ತಿಗೂ ಕಳ್ಳನೆನ್ನುವೆವು. ಒಮ್ಮೆ ಕುಡಿಯುತ್ತಿದ್ದವನು ಬಿಟ್ಟು ಹತ್ತು ವರುಷವಾದರೂ ಅವನಿಗೆ ಹೆಣ್ಣು ಕೊಡುವಾಗ ಹಳೇ ಮಾತನ್ನೇ ಎತ್ತುವೆವು. ಒಂದು ಮನೆತನದವರು ಹಿಂದೆ ಯಾರಾಗಿದ್ದರು, ಏನು ಕೆಲಸ ಮಾಡುತ್ತಿದ್ದರು, ಯಾವ ಕೇರಿಯಲ್ಲಿ ಇದ್ದರು ಎಂಬದನ್ನು ಮೂರು ತಲೆಯಾದರೂ ಮರೆಯದವರಿಂದ ನಮ್ಮಲ್ಲಿ ಎಷ್ಟೋ ಜನರು ನೊಂದಿದ್ದೇವೆ. ನೊಂದವರಾದ ನಾವೇ ಇನ್ನೊಬ್ಬರನ್ನು ಹಾಗೆಯೇ ನೋಡುವದು ಇನ್ನೂ ದೊಡ್ಡ ತಪ್ಪು. ಹತ್ತು ಹೆಜ್ಜೆ ನಡೆದು ಹೋಗಿ ಈಗಿನ ಮುಖವನ್ನು ನೋಡಬಹುದಾಗಿರುವಾಗ, ಹಳೇ ಬೆಳಕಿನಿಂದಲೇ ಅವನನ್ನು ನೋಡುವೆನೆಂದು ಹಟಮಾಡುವದು ಅಜ್ಞಾನವಲ್ಲ, ಅನ್ಯಾಯ.

ಇದನ್ನೆಲ್ಲಾ ತಿಳುಕೊಂಡ ಮೇಲೆ ನಾನು ಪುನಃ ಅವನ ಬಳಿಗೆ ಹೋದೆನು. ಆ ಮಬ್ಬು ಏನೆಂಬದನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆನು. ಅವನು ಗುದ್ದಲಿಯ ಕಾವಿನ ಮೇಲೆ ಗದ್ದವನ್ನು ಊರಿಕೊಂಡು ಕೇಳಿ, “ಹಾಗಾದರೆ ಅದು ಕೆಟ್ಟ ಚುಕ್ಕಿಯಲ್ಲ, ಚುಕ್ಕಿಯ ಸಸಿಮಡಿ ಅನ್ನಿ” ಅಂದನು. ನಾನು ಒಂದು ಪುಟದಲ್ಲಿ ಹೇಳಲಾರದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿದನು. ಆಮೇಲೆ ನಾನು ಆ ಹಳೇ ದಿನದ ಮಾತನ್ನು ಎತ್ತಿ, ಅದು ನನ್ನಿಂದ ತಪ್ಪಾಯಿತು, ಕ್ಷಮಿಸು ಅಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ಹೇಳಿದನು: “ನನ್ನದು ಆಯಿತು ಬಿಡಿ ಮೇಷ್ಟ್ರೇ. ಆದರೆ ನನ್ನ ಮಗಳು ಈಗ ನಾಲ್ಕನೇ ಕ್ಲಾಸು. ಅವಳನ್ನು ಬೀದಿಯಲ್ಲಿ ಮಬ್ಬನ ಮಗಳು ಅನ್ನುತ್ತಾರೆ. ಅದನ್ನು ನಿಲ್ಲಿಸಲಿಕ್ಕೆ ನಿಮ್ಮಿಂದ ಆಗುತ್ತದೆಯೇ?”

ವಾಚಕರೇ, ಆಗುತ್ತದೆಂದು ನಾನು ಹೇಳಲಾರದೆ ಹೋದೆನು. ಹೊರಟ ಬೆಳಕನ್ನು ಯಾರೂ ಹಿಂದಕ್ಕೆ ಕರೆಯಲಾರರು. ಬಾಯಿಂದ ಹೊರಟ ಮಾತೂ ಹಾಗೆಯೇ. ನನ್ನ ಕೈಲಾದದ್ದನ್ನು ನಾನು ಮಾಡುತ್ತಿದ್ದೇನೆ: ಆ ಊರಿಗೆ ಹೋದಾಗಲೆಲ್ಲಾ ಅಂಗಡಿಯ ಮುಂದೆ, ಬಾವಿಯ ಬಳಿ, ನಾಲ್ಕು ಜನರು ಕೇಳುವ ಹಾಗೆ ಅವನನ್ನು ಅವನ ಸ್ವಂತ ಹೆಸರಿನಿಂದ ಕರೆಯುತ್ತೇನೆ, ಆ ಹೆಸರನ್ನು ಇಟ್ಟವನು ನಾನೇ, ಅದು ಸುಳ್ಳಾಗಿತ್ತು ಎಂದು ಕೇಳಿದವರಿಗೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ಮೂವತ್ತು ವರುಷ ಹರಡಿದ ಮಾತು ಮೂರು ತಿಂಗಳಲ್ಲಿ ಅಡಗೀತೆಂದು ನಾನು ನಿರೀಕ್ಷಿಸುವದಿಲ್ಲ.

ನಿಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಚಳಿಗಾಲದಲ್ಲಿ ಒಂದು ರಾತ್ರಿ ನಿಮ್ಮ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ದೀಪವನ್ನು ಆರಿಸಿ, ಕಣ್ಣು ಕತ್ತಲೆಗೆ ಹೊಂದುವ ವರೆಗೆ ಸ್ವಲ್ಪ ಹೊತ್ತು ತಾಳಿರಿ. ಆ ಮೂರು ನಕ್ಷತ್ರಗಳ ಕೆಳಗೆ ಇಳಿಬಿದ್ದವುಗಳಲ್ಲಿ ನಡುವಿನದನ್ನು ತೋರಿಸಿರಿ. ಅದು ಏನೆಂದು ನೀವು ಮೊದಲು ಹೇಳಬೇಡಿರಿ. ಅವರಿಗೆ ಏನು ಕಾಣುತ್ತದೆಂದು ಕೇಳಿರಿ. ಅವರು ಹೇಳುವದನ್ನು ಕೊನೆಯ ವರೆಗೂ ಕೇಳಿರಿ. ಬಳಿಕ ಒಳಗೆ ಬಂದು, ನಿಮ್ಮ ಬಾಯಲ್ಲಿ ಯಾರಿಗಾದರೂ ಇಟ್ಟ ಒಂದು ಹಳೇ ಹೆಸರು ಉಳಿದದೆಯೋ ಎಂದು ನೆನಪುಮಾಡಿಕೊಳ್ಳಿರಿ. ಉಳಿದಿದ್ದರೆ, ಬೆಳಗಾದ ಮೇಲೆ ಅವರ ಮನೆಯ ಬಾಗಿಲಿಗೆ ಹೋಗಿ ಅವರನ್ನು ಅವರ ನಿಜವಾದ ಹೆಸರಿನಿಂದ ಕೂಗಿರಿ.